ಗುರುವಾರದ ಪರದೆ

ಬೆಳಿಗ್ಗೆ ಸ್ಟುಡಿಯೋದ ಶಟರ್ ಎತ್ತುವಾಗಲೇ ಅನಂತನ ಕಣ್ಣು ರಸ್ತೆಯಾಚೆಗೆ ಹೋಯಿತು. ಹೋಗಬಾರದೆಂದು ಅವನು ದಿನವೂ ಅಂದುಕೊಳ್ಳುತ್ತಿದ್ದ, ದಿನವೂ ಹೋಗುತ್ತಿತ್ತು. ಎದುರಿಗೆ ಇರ್ಫಾನನ ಗ್ಯಾರೇಜು. ಒಂದು ಕಾಲಕ್ಕೆ ಈ ಹೊತ್ತಿಗೆಲ್ಲ ಅಲ್ಲಿ ಎರಡು ಮೂರು ಗಾಡಿಗಳು ಬಾನೆಟ್ ಎತ್ತಿಕೊಂಡು ನಿಂತಿರುತ್ತಿದ್ದವು, ರೋಣದ ಬಸ್ಸು ತಿರುಗಲು ಜಾಗವಿಲ್ಲದೆ ಡ್ರೈವರು ಹಾರ್ನ್ ಹೊಡೆದು ಬೈಯುತ್ತಿದ್ದ. ಈಗ ಒಂದು ಹಳೆಯ ಜೀಪು ಮಾತ್ರ ಇತ್ತು. ಅದರ ಯಜಮಾನ ಗೋವೆಗೆ ಹೋಗಿದ್ದರಿಂದ ಅದು ಅಲ್ಲಿ ಉಳಿದಿತ್ತೇ ಹೊರತು ಇರ್ಫಾನನ ಮೇಲಿನ ವಿಶ್ವಾಸದಿಂದಲ್ಲ. ಇರ್ಫಾನ ಸ್ಟೂಲಿನ ಮೇಲೆ ಕೂತು, ಸ್ವಚ್ಛವಾಗಿಯೇ ಇದ್ದ, ನಟ್ಟು ಬಿಚ್ಚುವ ಪಾನಾಗಳನ್ನು ಒಂದೊಂದಾಗಿ ಎತ್ತಿ ಮತ್ತೆ ಒರೆಸುತ್ತಿದ್ದ. ಅನಂತನನ್ನು ಕಂಡು ಕೈಯೆತ್ತಿದ. ಅನಂತನೂ ಎತ್ತಿದ. ಈ ಕೈಯೆತ್ತುವುದೊಂದು ಇಲ್ಲದಿದ್ದರೆ ಎಷ್ಟು ಸುಖವಾಗಿರುತ್ತಿತ್ತು ಅನ್ನಿಸಿತು. ಇರ್ಫಾನ ಬೈದಿದ್ದರೆ, ಮುಖ ತಿರುಗಿಸಿದ್ದರೆ, ಕಡೆಗೆ ಒಂದು ದಿನವಾದರೂ ನೋಡದಂತೆ ಇದ್ದುಬಿಟ್ಟಿದ್ದರೆ! ಅವನಿಗೆ ಅಂಥದ್ದೇನೂ ಹೊಳೆಯುತ್ತಿರಲಿಲ್ಲ. ಅವನ ದೃಷ್ಟಿಯಲ್ಲಿ ಅನಂತ ಈಗಲೂ ಒಳ್ಳೆಯವನು.

ಮೇಜಿನ ಮೇಲೆ ಬಿಳಿಯ ಮ್ಯಾಕ್ ಲ್ಯಾಪ್‌ಟಾಪು ಮುಚ್ಚಿಕೊಂಡು ಕೂತಿತ್ತು. ಮದುವೆಯ ಅಲ್ಬಮ್ಮಿನ ಕೆಲಸ ಮಾಡುವವರು ಇದನ್ನಲ್ಲದೆ ಬೇರೆ ಮುಟ್ಟುವುದಿಲ್ಲ ಎಂದು ಹುಬ್ಬಳ್ಳಿಯ ಸ್ಟುಡಿಯೋದವನೊಬ್ಬ ಹೇಳಿದ್ದಕ್ಕೆ, ಅನಂತ ಅವನದೇ ಹಳೆಯದನ್ನು ಕೊಂಡು ತಂದು, ಬರುವಾಗ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಕೂತಿದ್ದ. ಗಜೇಂದ್ರಗಡದಲ್ಲಿ ಇಂಥದ್ದು ಇನ್ನೊಂದಿಲ್ಲ ಎಂಬ ಮಾತನ್ನು ಎಷ್ಟು ಜನರಿಗೆ ಹೇಳಿರಬಹುದು? ಲಗ್ನಪತ್ರಿಕೆ ಮಾಡಿಸಲು ಮೊದಲ ಗಿರಾಕಿ ಬಂದ ದಿನವೇ ಮರ್ಯಾದೆ ಹೋಯಿತು. ಕನ್ನಡ ಟೈಪು ಮಾಡುವ ಸಾಫ್ಟ್‌ವೇರು ಅದರಲ್ಲಿ ಏಳಲಿಲ್ಲ. ಗಣಪತಿಯ ಚಿತ್ರದ ಕೆಳಗೆ ಒಂದಕ್ಷರವೂ ಮೂಡದೆ, ಗಿರಾಕಿ ಪಕ್ಕದ ಓಣಿಯ ಡಬ್ಬಾ ಕಂಪ್ಯೂಟರಿನವನ ಹತ್ತಿರ ಹೋದ. ಮತ್ತೆ ಹುಬ್ಬಳ್ಳಿಗೆ ಹೊತ್ತೊಯ್ದಾಗ ಅಲ್ಲಿಯವನು ಮ್ಯಾಕಿನ ಒಳಗೇ ವಿಂಡೋಸನ್ನು ಕೂರಿಸಿಕೊಟ್ಟ. ಒಂದು ಚೌಕ ತೆರೆದರೆ ಅದರೊಳಗೆ ಪೂರಾ ಇನ್ನೊಂದು ಕಂಪ್ಯೂಟರು, ಮುಚ್ಚಿದರೆ ಇದ್ದಲ್ಲಿಯೇ ನಿದ್ದೆ ಹೋಗುತ್ತದೆ, ಮತ್ತೆ ತೆರೆದಾಗ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಎಚ್ಚರಾಗುತ್ತದೆ. ಅರ್ಧ ಟೈಪು ಮಾಡಿದ ವಧುವಿನ ಹೆಸರು ಮರುದಿನ ಹಾಗೆಯೇ ಕಾದಿರುತ್ತಿತ್ತು. ಅನಂತನಿಗೆ ಈ ಗುಣ ಭಾಳ ಹಿಡಿಸಿತ್ತು.

ಈಗ ಬಹಳ ದಿನದಿಂದ ಅವನು ಆ ಚೌಕವನ್ನು ತೆರೆದಿರಲಿಲ್ಲ. ಅಲ್ಬಮ್ಮು ಮಾಡುತ್ತಿದ್ದ, ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಲಗ್ನಪತ್ರಿಕೆಯವರು ಬಂದರೆ ಫಾಂಟು ಕೆಟ್ಟಿದೆ ಎಂದು ಅದೇ ಪಕ್ಕದ ಓಣಿಗೆ ಕಳಿಸುತ್ತಿದ್ದ. ಮನೆಯಲ್ಲಿ ಅರ್ಚನಾ ಇದನ್ನು ಗಮನಿಸಿದ್ದಳು. ಕಟ್ಟಿಕೊಂಡ ಹೆಂಡತಿ ಗಮನಿಸದೆ ಇನ್ನಾರು ಗಮನಿಸಬೇಕು? ಇವತ್ತು ಚಹಾ ಕೊಡುವಾಗ, ಅವನ ಮುಖ ನೋಡದೆ, ಮಷಿನ್ನಿನೊಳಗ ಏನರೆ ಹಾವು ಹೊಕ್ಕದ ಏನು ಎಂದು ಕೇಳಿದಳು. ಅವನು ನಕ್ಕ. ನಗು ಸರಿಯಾಗಿ ಬಂತೋ ಇಲ್ಲವೋ ನೋಡಿಕೊಳ್ಳಲು ಕನ್ನಡಿ ಹತ್ತಿರ ಇರಲಿಲ್ಲ.

ಗುಡ್ಡದ ಮೇಲೆ ಗಾಳಿಯಿಂದ ಕರೆಂಟು ತೆಗೆಯುವ ರೆಕ್ಕೆಗಳನ್ನು ನಿಲ್ಲಿಸಲು ಕಂಪನಿಯವರು ಬಂದ ವರ್ಷದಿಂದ ಊರಲ್ಲಿ ಹೊಸ ನಮೂನೆಯ ಗಾಡಿಗಳು ಕಾಣಿಸಿಕೊಂಡಿದ್ದವು. ಕಿವಿಗೊಟ್ಟು ಇಂಜಿನ್ನಿನ ರೋಗ ಹೇಳುವ ಕಾಲ ಹೋಯ್ತು ಎಂದು ಇರ್ಫಾನ ಒಂದು ದಿನ ಪೇಚಾಡಿಕೊಂಡ. ಹುಬ್ಬಳ್ಳಿಯಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದ ಒಂದು ಸೀಡಿ ಮತ್ತು ಒಂದು ಕೇಬಲ್ಲು ಕೊಟ್ಟಿದ್ದ. ಸ್ಟಿಯರಿಂಗಿನ ಕೆಳಗೆ ಅದನ್ನು ಚುಚ್ಚಿ ಕಂಪ್ಯೂಟರಿಗೆ ಜೋಡಿಸಿದರೆ ಗಾಡಿ ತನ್ನ ಬೇನೆಯನ್ನು ತಾನೇ ಹೇಳುತ್ತದೆ. ಆದರೆ ಅದು ವಿಂಡೋಸಿನಲ್ಲಿ ಮಾತ್ರ ನಡೆಯುತ್ತಿತ್ತು, ಗಾಡಿಯ ಹತ್ತಿರ ಒಯ್ಯಬಲ್ಲ ಕಂಪ್ಯೂಟರು ರಸ್ತೆಯಲ್ಲಿ ಇದ್ದದ್ದು ಅನಂತನ ಹತ್ತಿರ ಮಾತ್ರ. ಹೀಗೆ ಆ ಚೌಕದೊಳಗೆ ಲಗ್ನಪತ್ರಿಕೆಗಳ ಪಕ್ಕದಲ್ಲಿ ಗಾಡಿಗಳೂ ಬಂದು ಸೇರಿದವು. ಒಂದೇ ತೊಡಕು. ಕೇಬಲ್ಲು ಚುಚ್ಚಿದೊಡನೆ ಮ್ಯಾಕ್ ಅದನ್ನು ತಾನೇ ಹಿಡಿದುಕೊಂಡು, ಇದು ನನಗೋ ಒಳಗಿನವನಿಗೋ ಎಂದು ಸಣ್ಣದೊಂದು ಡಬ್ಬಿಯಲ್ಲಿ ಕೇಳುತ್ತಿತ್ತು. ಪ್ರತಿಸಲವೂ ಒಳಗಿನವನಿಗೆ ಎಂದು ಒತ್ತಬೇಕು. ಒತ್ತದಿದ್ದರೆ ಒಳಗಿನ ವಿಂಡೋಸಿಗೆ ಹೊರಗೆ ಗಾಡಿ ಬಂದು ನಿಂತದ್ದೇ ತಿಳಿಯುವುದಿಲ್ಲ. ಇರ್ಫಾನ ಇಂಗ್ಲಿಷನ್ನು ಅಕ್ಷರ ಅಕ್ಷರ ಕೂಡಿಸಿ ಓದುತ್ತಿದ್ದ, ಅನಂತ ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದ. ಇರ್ಫಾನ ಗ್ರೀಸಿನ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಿಳಿಯ ಮಷಿನ್ನು ಹೊಲಸಾಗಬಾರದೆಂದು ಮೂಗಿನಿಂದ ಪರದೆಯ ಕಡೆ ತೋರಿಸುತ್ತಿದ್ದ. ಆ ದಿನಗಳಲ್ಲಿ ಅನಂತ ಸುಖವಾಗಿದ್ದ. ಫೋಟೋದವನು ಎಂದು ಕರೆಯುತ್ತಿದ್ದ ಜನ ಅವನನ್ನು ಗಾಡಿಗಳ ಡಾಕ್ಟರನಂತೆ ನೋಡುತ್ತಿದ್ದರು, ಅದು ಅವನಿಗೆ ಬೇಕಾಗಿತ್ತು.

ಆ ಶುಕ್ರವಾರವೂ ಅದೇ ಬೇಕಾಗಿತ್ತಲ್ಲವೆ? ಜುಮ್ಮಾದ ಹೊತ್ತು, ಇರ್ಫಾನ ಮಸೀದಿಗೆ ಹೋಗಿದ್ದ. ಗ್ಯಾರೇಜಿನ ಮುಂದೆ ಆಶಿಕನ ಕಾರು ಬಂದು ನಿಂತು ಒಂದೇಸಮ ಹಾರ್ನ್ ಮಾಡಿತು. ಆಶಿಕ ಸೀರೆಯ ವ್ಯಾಪಾರಿ, ಇಲ್ಲಿಯ ಮಗ್ಗದ ಸೀರೆಗಳನ್ನು ನರಗುಂದದ ಅಂಗಡಿಗಳಿಗೆ ಹಾಕುತ್ತಿದ್ದ. ಪುಣೆಯಿಂದ ತಂದ ಹಳೆಯ ಕಾರಿನ ಹಿಂದಿನ ಸೀಟಿನ ತುಂಬ ಸೀರೆಯ ಗಂಟುಗಳು. ಬ್ರೇಕಿನ ದೀಪ ಬೆಳಿಗ್ಗೆಯಿಂದ ಹತ್ತಿಕೊಂಡೇ ಇದೆ, ಆರುತ್ತಿಲ್ಲ, ನರಗುಂದದವನು ಲಗ್ನದ ಗಿರಾಕಿಯನ್ನು ಕೂರಿಸಿಕೊಂಡು ಕಾಯುತ್ತಿದ್ದಾನೆ ಎಂದ. ಇರ್ಫಾನ ಬರಲಿ ಎಂದು ಅನಂತ ಹೇಳಬಹುದಿತ್ತು. ಅನ್ನಲಿಲ್ಲ. ಮ್ಯಾಕನ್ನೂ ಕೇಬಲ್ಲನ್ನೂ ತಾನೇ ಹಿಡಿದುಕೊಂಡು ರಸ್ತೆ ದಾಟಿದ. ಹೇಗೆ ಚುಚ್ಚಬೇಕೆಂಬುದು ನೋಡಿ ನೋಡಿ ರೂಢಿಯಾಗಿತ್ತು. ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು. ಪರದೆಯ ಮೇಲೆ ಅಂಗೈ ಮರೆ ಮಾಡಿ ನೋಡಿದರೆ ಯಾವ ದೋಷವೂ ಕಂಡುಬಂದಿಲ್ಲ ಎಂದು ಹಸಿರು ಅಕ್ಷರದಲ್ಲಿ ಬರೆದಿತ್ತು. ಏನೂ ಇಲ್ಲ ಆಶಿಕ, ಬಲ್ಬಿನ ವೈರು ಸಡ್ಲಾಗಿರಬೇಕು, ಹೋಗಿ ಬಾ ಎಂದ. ಡಾಕ್ಟರು ರೋಗಿಯ ಬೆನ್ನು ತಟ್ಟಿದ ಹಾಗೆ ಕಾರಿನ ಮೇಲೆ ಕೈಯಿಂದ ಎರಡು ಸಲ ತಟ್ಟಿದ್ದ. ಆ ತಟ್ಟಿದ್ದನ್ನು ನೆನೆದರೆ ಅವನಿಗೆ ತನ್ನ ಅಂಗೈ ಕಡಿದು ಹಾಕಬೇಕೆನ್ನಿಸುತ್ತದೆ.

ಹೊಳೆಮಣ್ಣೂರಿನ ಕಡೆ, ಸೇತುವೆಗೆ ಮುಂಚಿನ ಇಳಿಜಾರಿನಲ್ಲಿ ಕಾರು ರಸ್ತೆ ಬಿಟ್ಟಿತು ಎಂಬ ಸುದ್ದಿ ಸಂಜೆಯೊಳಗೆ ಬಂತು. ಸೀರೆಗಳು ಜಾಲಿಕಂಟಿಯ ಮೇಲೆಲ್ಲ ಹರಡಿಕೊಂಡಿದ್ದವಂತೆ. ಆಶಿಕನನ್ನು ಒಂದು ಸೀರೆಯಲ್ಲೇ ಸುತ್ತಿ ತಂದರಂತೆ. ಆಗ ಅನಂತ ಮ್ಯಾಕನ್ನು ತೆರೆದಿದ್ದು ಯಾವ ಅನುಮಾನದಿಂದಲೂ ಅಲ್ಲ, ಸುಮ್ಮನೆ, ಕೈಗೆ ಏನಾದರೂ ಬೇಕಾಗಿತ್ತು. ಸ್ಟುಡಿಯೋದೊಳಗೆ ಬಿಸಿಲಿರಲಿಲ್ಲ, ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು. ಹಸಿರು ಅಕ್ಷರದ ಮೇಲೆ ಗಾಡಿಯ ಹೆಸರಿತ್ತು. ಆಶಿಕನ ಕಾರಲ್ಲ, ಸವಡಿಯ ಕಂತ್ರಾಟುದಾರನ ದೊಡ್ಡ ಗಾಡಿ. ಗುರುವಾರ ಸಂಜೆ ಇರ್ಫಾನ ಅದನ್ನು ರಿಪೇರಿ ಮಾಡಿ ನೋಡಿದ್ದು, ಚೌಕ ಮುಚ್ಚಿದಾಗ ಹಾಗೆಯೇ ನಿದ್ದೆ ಹೋಗಿತ್ತು, ಶುಕ್ರವಾರ ಎಲ್ಲಿ ಬಿಟ್ಟಿದ್ದರೋ ಅಲ್ಲಿಂದಲೇ ಎದ್ದಿತ್ತು. ಅವನು ಚೌಕವನ್ನು ಪಕ್ಕಕ್ಕೆ ಸರಿಸಿದ. ಅದರ ಹಿಂದೆ ಆ ಸಣ್ಣ ಡಬ್ಬಿ ಇತ್ತು. ಇದು ನನಗೋ ಒಳಗಿನವನಿಗೋ ಎಂದು ಮ್ಯಾಕ್ ಮಧ್ಯಾಹ್ನದಿಂದ ಕೇಳುತ್ತಲೇ ಇತ್ತು, ಯಾರೂ ಉತ್ತರ ಕೊಟ್ಟಿರಲಿಲ್ಲ. ಅನಂತ ಚೌಕವನ್ನು ಮುಚ್ಚಿದ. ಗುರುವಾರವನ್ನು ಒಳಗಿಟ್ಟು ಮುಚ್ಚಿದ.

ಆ ದೀಪಕ್ಕೂ ಆ ಇಳಿಜಾರಿಗೂ ಸಂಬಂಧವಿತ್ತೋ ಇಲ್ಲವೋ ಯಾರಿಗೂ ತಿಳಿಯದು. ಆಶಿಕ ಗಾಡಿ ಓಡಿಸುವ ರೀತಿ ಊರಿಗೇ ಗೊತ್ತು. ಎಮ್ಮೆ ಅಡ್ಡ ಬಂದಿರಬಹುದು, ಗಂಟು ಜಾರಿ ಕತ್ತಿನ ಮೇಲೆ ಬಿದ್ದಿರಬಹುದು. ಸರಿಯಾಗಿ ನೋಡಿದ್ದರೂ ಮಷಿನ್ನು ಏನೂ ಇಲ್ಲ ಎಂದೇ ಹೇಳುತ್ತಿತ್ತೋ ಏನೋ. ಅನಂತ ಈ ಸಾಧ್ಯತೆಗಳನ್ನು ಒಂದೊಂದಾಗಿ ತೆಗೆದು, ಇರ್ಫಾನ ಪಾನಾ ಒರೆಸುವಂತೆ ಒರೆಸಿ ಇಡುತ್ತಿದ್ದ. ಊರಿಗೆ ಇಷ್ಟೆಲ್ಲ ಬೇಕಾಗಿರಲಿಲ್ಲ. ದಾರಿಯಲ್ಲಿ ಆಶಿಕ ತನ್ನ ಚಿಕ್ಕಪ್ಪ ಗೌಸುಸಾಬನಿಗೆ ಫೋನು ಮಾಡಿ, ಇರ್ಫಾನನ ಗ್ಯಾರೇಜಿನಲ್ಲಿ ನೋಡಿದರು, ಏನೂ ಇಲ್ಲವಂತೆ ಎಂದಿದ್ದ. ಅಷ್ಟು ಸಾಕಾಯಿತು. ನಾನು ಆಗ ನಮಾಜಿನಲ್ಲಿದ್ದೆ, ನೋಡಿದ್ದು ಅನಂತಣ್ಣ ಎಂದು ಇರ್ಫಾನ ಹೇಳಿದರೆ, ಪಾಪ ಆ ಫೋಟೋದವನ ಮೇಲೆ ಹಾಕುತ್ತಾನೆ ನೋಡು ಎಂದು ಜನ ಉಗಿದರು. ಗಾಡಿಗಳು ಬೇರೆ ಕಡೆ ಹೋದವು. ಅವನ ತಂಗಿಗೆ ಬಂದಿದ್ದ ಸಂಬಂಧದವರು ಸುಮ್ಮನಾದರು.

ಮಧ್ಯಾಹ್ನವಾಗುವ ಮುಂಚೆ ಇರ್ಫಾನ ಸ್ನಾನ ಮಾಡಿ, ಇಸ್ತ್ರಿಯ ಬಿಳಿ ಅಂಗಿ ಹಾಕಿಕೊಂಡು, ರಸ್ತೆ ದಾಟಿ ಬಂದ. ಒಳಗೆ ಬರದೆ ಹೊಸ್ತಿಲಲ್ಲಿ ನಿಂತ. ಅವನು ಏನು ಕೇಳಲು ಬಂದಿದ್ದಾನೆಂದು ಅನಂತನಿಗೆ ಅಂಗಿ ನೋಡಿಯೇ ತಿಳಿದುಹೋಯಿತು.

"ಇವತ್ತ ಆಶಿಕನ ನಲವತ್ತರ ಫಾತೇಹಾ ಐತ್ರಿ, ಅನಂತಣ್ಣಾ. ಗೌಸುಸಾಬ್ರು ಹೇಳಿ ಕಳ್ಸ್ಯಾರ. ಬರೂದಾದ್ರ ಮಂದಿ ಮುಂದ ಏನಾಗಿತ್ತಂತ ಹೇಳಿ ಆಮ್ಯಾಲ ಊಟಕ್ಕ ಕುಂದರು ಅಂದಾರ. ನಾ ಏನ ಹೇಳ್ಲಿ? ನೀವೊಂದೀಟ ಬಂದು, ಮಷಿನ್ಯಾಗ ಏನೂ ತೋರ್ಸಲಿಲ್ಲ ಅಂತ ಹೇಳಿದ್ರ ಸಾಕ್ರಿ."

ಸಾವಿನ ಮನೆಯ ನಲವತ್ತನೆಯ ದಿನದ ಊಟಕ್ಕೆ ಕೂರಿಸಿಕೊಳ್ಳದಿದ್ದರೆ ಜಮಾತಿನಲ್ಲಿ ಅವನ ಬಾಳು ಮುಗಿದಂತೆಯೇ. ಮಷಿನ್ಯಾಗ ಏನೂ ತೋರ್ಸಲಿಲ್ಲ, ಇದು ಸುಳ್ಳೂ ಅಲ್ಲ. ಈ ಮಾತನ್ನು ಹೇಳಿ ಬಂದುಬಿಟ್ಟರೆ ಇಬ್ಬರೂ ಉಳಿದುಕೊಳ್ಳಬಹುದು. ಅನಂತ ಎದ್ದು ಮ್ಯಾಕನ್ನು ಚೀಲದಲ್ಲಿಟ್ಟು ಹೆಗಲಿಗೆ ಹಾಕಿಕೊಂಡ. ಅದ್ಯಾಕ್ರಿ ಎಂದು ಇರ್ಫಾನ ಕೇಳಿದ. ಬೇಕಾಗತದ ಎಂದ. ಹೆಗಲ ಮೇಲೆ ಆ ಭಾರ ಬಿದ್ದಾಗಲೇ ತಾನು ನಿಜ ಹೇಳಲು ಹೊರಟಿದ್ದೇನೆಂದು ಅವನಿಗೆ ಗೊತ್ತಾಗಿದ್ದು. ತೆರೆದು ತೋರಿಸುತ್ತೇನೆ, ಗುರುವಾರವನ್ನು ಎಲ್ಲರ ಮುಂದೆ ಎಬ್ಬಿಸುತ್ತೇನೆ, ಆಮೇಲೆ ಏನಾದರೂ ಆಗಲಿ. ಎಷ್ಟೋ ದಿನದ ಮೇಲೆ ಉಸಿರು ಪೂರ್ತಿ ಒಳಗೆ ಹೋಯಿತು.

ನೇಕಾರರ ಓಣಿಯಲ್ಲಿ ಮಗ್ಗಗಳು ಬಡಿಯುತ್ತಿದ್ದವು. ಇದೇ ಓಣಿಯ ಸಾಲೆಯಲ್ಲಿ ಅವನ ತಂದೆ ಮಾಸ್ತರರಾಗಿದ್ದರು. ಅನಂತ ಸಣ್ಣವನಿದ್ದಾಗ ಸಂಜೆ ಅವರ ಬೆರಳು ಹಿಡಿದು ಇಲ್ಲಿ ಬರುತ್ತಿದ್ದ. ಗಟಾರದ ನೀರಿಗೆ, ಗೋಡೆಯ ಮೇಲಿನ ಬೆಕ್ಕಿಗೆ, ಮದುವೆಗೆ ಕರೆಯದಿದ್ದುದಕ್ಕೆ, ಯಾವುದಕ್ಕೆ ಜಗಳ ಬಿದ್ದರೂ ಎರಡೂ ಕಡೆಯವರು ಮಾಸ್ತರರನ್ನು ಕರೆಸುತ್ತಿದ್ದರು. ಅವರು ಕೂತು ಎಲ್ಲ ಕೇಳಿಸಿಕೊಂಡು, ಯಾರದು ಸರಿ ಯಾರದು ತಪ್ಪು ಎಂಬ ಗೊಡವೆಗೆ ಹೋಗದೆ, ಕಡೆಗೆ ಕೈಮುಗಿದು, ತಪ್ಪು ನಂದು ಅಂತ ಹಿಡೀರಿ, ಮುಗಸ್ರಿ ಎನ್ನುತ್ತಿದ್ದರು. ಅಷ್ಟಕ್ಕೇ ಮುಗಿಯುತ್ತಿತ್ತು. ಮಾಸ್ತರರ ಬಾಯಲ್ಲಿ ಆ ಮಾತು ಬಂದ ಮೇಲೆ ಮುಂದುವರಿಸುವುದು ಮರ್ಯಾದೆ ಅಲ್ಲವೆಂದು ಓಣಿಗೆಲ್ಲ ರೂಢಿಯಾಗಿತ್ತು. ಮಾಡದ ತಪ್ಪನ್ನು ಅಪ್ಪ ಯಾಕೆ ಒಪ್ಪಿಕೊಳ್ಳುತ್ತಾನೆಂದು ಸಣ್ಣ ಅನಂತನಿಗೆ ನಾಚಿಕೆಯಾಗುತ್ತಿತ್ತು. ಚೀಲದ ಪಟ್ಟಿ ಕುತ್ತಿಗೆಗೆ ಒತ್ತುತ್ತಿತ್ತು, ಅವನು ಅದನ್ನು ಇನ್ನೊಂದು ಹೆಗಲಿಗೆ ಬದಲಿಸಿದ.

ಆಶಿಕನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಊದುಬತ್ತಿಯ ಹೊಗೆ, ಸಿಹಿ ಮಾಲದಿಯ ತುಪ್ಪದ ವಾಸನೆ. ಫಾತೇಹಾ ಓದುವುದು ಮುಗಿದು ಜನ ಊಟಕ್ಕೆ ಕಾಯುತ್ತಿದ್ದರು. ಗೌಸುಸಾಬ ಗೋಡೆಗೆ ಒರಗಿ ಕೂತಿದ್ದ. ಆಶಿಕನ ತಾಯಿ ಖಾಜಾಬಿ ಒಳಬಾಗಿಲಿನ ಹತ್ತಿರ, ಸೆರಗು ತಲೆಗೆಳೆದು, ಯಾರನ್ನೂ ನೋಡದೆ ಕೂತಿದ್ದಳು. ಅನಂತನನ್ನು ಕಂಡು ಎಲ್ಲರೂ ಸರಿದು ಜಾಗ ಮಾಡಿದರು. ಇರ್ಫಾನನಿಗೆ ಯಾರೂ ಸರಿಯಲಿಲ್ಲ. ಅವನು ಚಪ್ಪಲಿಗಳ ಹತ್ತಿರ ನಿಂತ. ಗೌಸುಸಾಬ ಅವನತ್ತ ನೋಡದೆಯೇ, ಹೇಳೂದೇನರ ಇದ್ರ ಹೇಳ್ಲಿ ಎಂದು ಎದುರಿನ ಗೋಡೆಗೆ ಹೇಳಿದ. ಇರ್ಫಾನ ಅನಂತನ ಕಡೆ ನೋಡಿದ.

"ಇರ್ಫಾನಂದೇನೂ ಇಲ್ರಿ" ಎಂದ ಅನಂತ. ದನಿ ತನ್ನದಲ್ಲವೆನ್ನಿಸಿತು. "ಅವತ್ತ ನೋಡಿದಾಂವ ನಾನು. ನಾ ಓದಿದ್ದು ಆಶಿಕನ ಗಾಡೀದು ಅಲ್ಲ. ಹಿಂದಿನ ದಿನದ್ದು, ಬ್ಯಾರೆ ಗಾಡೀದು, ಪರದೆ ಮ್ಯಾಲೆ ಹಂಗೇ ಉಳದಿತ್ತು. ಅದನ್ನ ಓದಿ ಏನೂ ಇಲ್ಲ ಅಂದುಬಿಟ್ಟೆ. ತಪ್ಪು ನಂದು."

ಕಡೆಯ ಎರಡು ಶಬ್ದ ಬಾಯಿಂದ ಬಿದ್ದ ಮೇಲೆ ಅವನಿಗೆ ಕೇಳಿಸಿತು. ಅಪ್ಪ ಬಂದು ಕೂರುತ್ತಿದ್ದ ಅದೇ ಪಡಸಾಲೆ, ಅಪ್ಪನದೇ ಮಾತು, ಅರಿವಿಲ್ಲದೆ ಕೈ ಕೂಡ ಮುಗಿದುಕೊಂಡಿತ್ತು. ಯಾರೋ ಮೆಲ್ಲಗೆ ಸುಭಾನಲ್ಲಾ ಅಂದರು. ಮುದುಕರು ಒಬ್ಬರಿಗೊಬ್ಬರು ತಲೆಯಾಡಿಸಿದರು. ಗೌಸುಸಾಬ ಗೋಡೆಯಿಂದ ಬೆನ್ನು ಎತ್ತಿ ನೆಟ್ಟಗೆ ಕೂತ, ಅವನ ಮುಖದ ಗಂಟು ಸಡಿಲಾಗಿತ್ತು.

"ಮಾಸ್ತರ ಮಗಾ ಅನ್ನೂದು ಮಾತಿನ್ಯಾಗ ತಿಳೀತೈತಿ ನೋಡ್ರಿ. ಈ ಮಾತ ಕೇಳಿ ಎಷ್ಟ ವರ್ಷ ಆಗಿತ್ತು."

ಹಾಗಲ್ಲ, ಖರೇನ ಹೇಳಾಕತ್ತೇನಿ ಎಂದು ಅನಂತ ಅಂದ. ಖರೇ, ಖರೇ ಎಂದು ಅವರೆಲ್ಲ ಒಪ್ಪಿಕೊಂಡರು, ಅವನ ತಂದೆಗೂ ಹೀಗೆಯೇ ಒಪ್ಪಿಕೊಳ್ಳುತ್ತಿದ್ದರು. ಅವನು ಡಬ್ಬಿಯ ವಿಷಯ ಹೇಳಿದ, ಚೌಕದ ವಿಷಯ ಹೇಳಿದ. ಓದು ಬಲ್ಲ ಇವನು ಸ್ನೇಹಿತನನ್ನು ಉಳಿಸಲು ಎಷ್ಟೆಲ್ಲ ಯೋಚಿಸಿ ಬಂದಿದ್ದಾನೆ ಎಂಬ ಮೆಚ್ಚುಗೆ ಆ ಕಣ್ಣುಗಳಲ್ಲಿ ಇನ್ನಷ್ಟು ಹೆಚ್ಚಿತು. ಆಗ ಖಾಜಾಬಿ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ಇವಳಾದರೂ ನಂಬುತ್ತಾಳೆ, ಇವಳು ಶಪಿಸುತ್ತಾಳೆ ಎಂದು ಅವನು ಆಸೆಯಿಂದ ಕಾದ.

"ನನ್ನ ಮಗಾ ಜುಮ್ಮಾದ ನಮಾಜ ಬಿಟ್ಟ ಹೋದ, ತಮ್ಮಾ" ಎಂದಳು. "ಅದನ್ನೂ ನಿನ್ನ ತಪ್ಪು ಅಂತಿಯೇನ?"

ಅನಂತನ ಕೈ ಚೀಲದ ಜಿಪ್ಪಿನ ಮೇಲಿತ್ತು. ಎಳೆದರೆ ಆಯಿತು. ತೆರೆದು, ಚೌಕ ಎಚ್ಚರಾಗುವವರೆಗೆ ಕಾದು, ಮೇಲಿನ ಸಾಲನ್ನು ತೋರಿಸಬೇಕು. ಇವರಿಗೆ ಓದಲು ಬಾರದಿದ್ದರೂ ಇರ್ಫಾನನಿಗೆ ಬರುತ್ತದೆ. ಅವನು ಇರ್ಫಾನನ ಕಡೆ ನೋಡಿದ. ಗೌಸುಸಾಬ ಆಗಲೇ ಕೈ ಚಾಚಿ, ಬಾರಪಾ, ಕೈ ತೊಳ್ಕೊ, ಕುಂದರು ಎಂದು ಕರೆಯುತ್ತಿದ್ದ. ಇರ್ಫಾನ ಚಪ್ಪಲಿಗಳ ನಡುವೆ ನಿಂತು ಬಿಳಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಅಷ್ಟರಲ್ಲಿ ಒಳಗಿನಿಂದ ಒಂದು ತಾಟಿನಲ್ಲಿ ಬಾಳೆಹಣ್ಣು, ಸಕ್ಕರೆ, ಮತ್ತು ಉದ್ದನೆಯ ಸ್ಟೀಲು ಲೋಟದಲ್ಲಿ ಹಾಲು ಬಂತು. ಮಾಸ್ತರರಿಗೆಂದು ಬೇರೆ ಇಟ್ಟಿದ್ದ ಲೋಟ, ಅವರು ಹೋದ ಮೇಲೆ ಯಾರೂ ಬಳಸಿರಲಿಲ್ಲ, ಇವತ್ತು ಬೆಳಗಿ ತೆಗೆದೆವು ಎಂದು ಗೌಸುಸಾಬ ಹೇಳಿದ. ಲೋಟ ಹಿಡಿಯಲು ಎರಡೂ ಕೈ ಬೇಕಾಯಿತು. ಹಾಲು ಬೆಚ್ಚಗಿತ್ತು, ಏಲಕ್ಕಿ ಹಾಕಿದ್ದರು. ಬೆಳಗಿನಿಂದ ಏನೂ ತಿಂದಿರಲಿಲ್ಲವೆಂದು ಆಗ ನೆನಪಾಯಿತು. ಅವನು ಪೂರ್ತಿ ಕುಡಿದ. ಬಾಳೆಹಣ್ಣನ್ನೂ ತಿಂದ. ರುಚಿಯಾಗಿದೆ ಅನ್ನಿಸಿದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು, ಆದರೂ ತಿನ್ನುವುದನ್ನು ನಿಲ್ಲಿಸಲಿಲ್ಲ.

ಊಟ ಮುಗಿಸಿ ಇರ್ಫಾನ ಅವನ ಜೊತೆಗೇ ಹೊರಟ. ಓಣಿಯಲ್ಲಿ ಎದುರಿಗೆ ಬಂದ ಒಬ್ಬ ಇರ್ಫಾನನ ಹೆಗಲು ಮುಟ್ಟಿ, ನಾಳೆ ಗಾಡಿ ತರ್ತೀನಿ ಎಂದು ಹೇಳಿ ಹೋದ. ಸುದ್ದಿ ಅವರಿಗಿಂತ ಮುಂದೆ ಹೋಗಿತ್ತು. ಮಗ್ಗದ ಸದ್ದು ಹಿಂದೆ ಬಿದ್ದು, ಬಸ್‌ಸ್ಟ್ಯಾಂಡಿನ ಗದ್ದಲ ಇನ್ನೂ ಬರದ ಜಾಗದಲ್ಲಿ ಇರ್ಫಾನ ನಿಂತುಕೊಂಡ. ಅವನ ಹುಬ್ಬು ಗಂಟಿಕ್ಕಿತ್ತು. ಇಂಜಿನ್ನಿನ ಸದ್ದಿನಲ್ಲಿ ಏನೋ ತಪ್ಪಿದೆ, ಎಲ್ಲಿ ಅಂತ ಸಿಗುತ್ತಿಲ್ಲ ಎಂದಾಗ ಅವನ ಮುಖ ಹೀಗಾಗುತ್ತಿತ್ತು.

"ಅನಂತಣ್ಣಾ, ಒಂದ ಮಾತ ಕೇಳ್ತೀನ್ರಿ, ಸಿಟ್ಟ ಆಗಬ್ಯಾಡ್ರಿ. ಹಿಂದಿನ ದಿನದ ಪರದೆ ಅಂದ್ರೆಲ್ಲಾ, ಆ ಮಷಿನ್ಯಾಗ ಹಂಗ ಆಗತೈತಿ. ನಾ ನೋಡೀನಿ. ಖರೇನ ಹಂಗ ಆಗಿತ್ತೇನ್ರಿ?"

ಅನಂತ ಚೀಲದ ಪಟ್ಟಿಯನ್ನು ಹಿಡಿದುಕೊಂಡ. ಇಡೀ ಗಜೇಂದ್ರಗಡದಲ್ಲಿ ಈ ಮಾತನ್ನು ಅರ್ಥ ಮಾಡಿಕೊಳ್ಳಬಲ್ಲವನು ಇವನೊಬ್ಬ, ಅವನೇ ಕೇಳುತ್ತಿದ್ದಾನೆ. ಹೂಂ ಅಂದರೆ ಸಾಕು. ಇನ್ನೂ ಬಾಯಲ್ಲಿ ಏಲಕ್ಕಿಯ ವಾಸನೆ ಇತ್ತು. ಮುದುಕರ ತಲೆಯಾಡಿಸುವಿಕೆ, ಬೆಳಗಿದ ಲೋಟ, ಮಾಸ್ತರ ಮಗ ಎಂಬ ಮಾತು, ಇವೆಲ್ಲ ಈಗಷ್ಟೇ ಅವನದಾಗಿದ್ದವು. ಅವನ್ನು ವಾಪಸು ಕೊಡಲು ಅವನಿಗೆ ಮನಸ್ಸಾಗಲಿಲ್ಲ.

"ಏ ಹುಚ್ಚಾ" ಎಂದ. "ನಿನ್ನ ಊಟಕ್ಕ ಕೂಡಸ್ಬೇಕಾಗಿತ್ತು. ಅದಕ್ಕ ಹಂಗಂದೆ."

ಇರ್ಫಾನ ಅನಂತನ ಎರಡೂ ಕೈಗಳನ್ನು ಹಿಡಿದು, ರಸ್ತೆಯಲ್ಲಿ ಹೋಗುವವರು ನೋಡುತ್ತಿದ್ದಂತೆಯೇ, ಕಣ್ಣಿಗೆ ಒತ್ತಿಕೊಂಡ. ಆಮೇಲೆ ನಾಚಿಕೊಂಡವನಂತೆ ಬಿಟ್ಟು, ಚೀಲ ಇತ್ಲಾಗ ಕೊಡ್ರಿ, ಭಾರ ಐತಿ ಎಂದ. ಅನಂತ ಬೇಡ ಅನ್ನುವಷ್ಟರಲ್ಲಿ ಪಟ್ಟಿ ಹೆಗಲಿಂದ ಜಾರಿ ಅವನ ಕೈಗೆ ಹೋಗಿತ್ತು. ಗುರುವಾರವನ್ನು ಎದೆಗೆ ಅವಚಿಕೊಂಡು, ಬಿಳಿ ಮಷಿನ್ನಿಗೆ ಪೆಟ್ಟಾಗದಂತೆ ಜನರಿಂದ ಓರೆಯಾಗಿ ಸರಿಯುತ್ತ, ಇರ್ಫಾನ ಬಸ್‌ಸ್ಟ್ಯಾಂಡಿನ ಗದ್ದಲದೊಳಗೆ ಮುಂದೆ ಮುಂದೆ ನಡೆದ. ಅನಂತ ಬರಿಗೈಯಲ್ಲಿ ಅವನ ಹಿಂದೆ ನಡೆದ. ಹೆಗಲು ಹಗುರವಾಗಿತ್ತು, ಹಿತವಾಗಿತ್ತು.